ಪ್ರಯಾಣದಲ್ಲಿ ದೂರದ ಮಧ್ಯಮ ತರಂಗ ಕೇಂದ್ರಗಳ ಆಲಿಕೆ

ಬಸ್ಸು, ರೈಲು ಅಥವಾ ಕಾರಿನಲ್ಲಿ ಸಾಗುವಾಗ, ಇಲ್ಲವೆ ದಾರಿಯ ತಂಗುದಾಣಗಳಲ್ಲಿ ನಿಂತಾಗ, ದೂರದ ಊರುಗಳ ಎಎಂ ಬಾನುಲಿ ಕೇಂದ್ರಗಳನ್ನು ಹುಡುಕಿ ಕೇಳುವುದು ಒಂದು ಹಳೆಯ ಹವ್ಯಾಸ. ದೂರದ ಕೇಂದ್ರಗಳನ್ನು ಆಲಿಸುವ ಹವ್ಯಾಸಕ್ಕೆ ಜಗತ್ತಿನಾದ್ಯಂತ ಡಿಎಕ್ಸಿಂಗ್ ಎಂಬ ಹೆಸರಿದೆ. 'ಡಿಎಕ್ಸ್' ಎಂಬುದು ತಂತಿ ಕಳುಹಿಸುವವರು 'ದೂರ' ಎನ್ನುವುದಕ್ಕೆ ಬಳಸುತ್ತಿದ್ದ ಸಂಕ್ಷೇಪ. ಕರ್ನಾಟಕದಲ್ಲಿ ಈ ಆಲಿಕೆಗೆ ಆಧಾರವಾಗಿದ್ದುದು ಆಕಾಶವಾಣಿಯ ಮಧ್ಯಮ ತರಂಗ ಪ್ರಸಾರ. ಬೆಂಗಳೂರಿನ ಪಶ್ಚಿಮ ಭಾಗದವರಿಗೆ, ಅದರಲ್ಲಿಯೂ ಮೈಸೂರು ರಸ್ತೆಯ ಅಂಚಿನಲ್ಲಿರುವ ಬಾಪೂಜಿ ನಗರದಂತಹ ದಟ್ಟ ಬಡಾವಣೆಗಳವರಿಗೆ, ದೂರದ ಕೇಂದ್ರಗಳು ಮನೆಯಲ್ಲಿ ಸಿಗುವುದಕ್ಕಿಂತ ಊರು ದಾಟಿದ ಮೇಲೆ ಸಿಗುವುದೇ ಹೆಚ್ಚು. ಆದುದರಿಂದ ಇಲ್ಲಿ ಈ ಹವ್ಯಾಸಕ್ಕೂ ಪ್ರಯಾಣಕ್ಕೂ ನಿಕಟವಾದ ನಂಟಿದೆ.

ಹಗಲು ಮತ್ತು ರಾತ್ರಿ

ಭಾರತದಲ್ಲಿ ಮಧ್ಯಮ ತರಂಗ ಪ್ರಸಾರವು 531ರಿಂದ 1602 ಕಿಲೋಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ನಡೆಯುತ್ತದೆ. 1975ರ ಜಿನೀವಾ ಒಪ್ಪಂದದ ಪ್ರಕಾರ ಏಷ್ಯ, ಯೂರೋಪ್ ಮತ್ತು ಆಫ್ರಿಕಾಗಳಲ್ಲಿ ಕೇಂದ್ರಗಳ ನಡುವಿನ ಅಂತರ 9 ಕಿಲೋಹರ್ಟ್ಸ್. ಆಕಾಶವಾಣಿಯ ಯಾವುದೇ ಮಧ್ಯಮ ತರಂಗಾಂಕವನ್ನು 9ರಿಂದ ಭಾಗಿಸಿದರೆ ಶೇಷ ಉಳಿಯದಿರುವುದಕ್ಕೆ ಇದೇ ಕಾರಣ. ಬೆಂಗಳೂರು ಕೇಂದ್ರದ 612 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 490 ಮೀಟರ್. ಇಷ್ಟು ಉದ್ದದ ಅಲೆಗಳು ಸಣ್ಣಪುಟ್ಟ ಗುಡ್ಡಗಳನ್ನು ಬಳಸಿಕೊಂಡು, ನೆಲದ ಬಾಗನ್ನು ಅನುಸರಿಸಿಕೊಂಡು ಹೋಗಬಲ್ಲವು. ಇವನ್ನು ನೆಲದ ಅಲೆ ಎನ್ನುತ್ತಾರೆ. ಇವು ಎಷ್ಟು ದೂರ ಸಾಗುತ್ತವೆ ಎಂಬುದು ಪ್ರೇಷಕದ ಶಕ್ತಿಯ ಜೊತೆಗೆ ಮಣ್ಣಿನ ವಿದ್ಯುದ್ವಾಹಕ ಗುಣವನ್ನೂ ಅವಲಂಬಿಸಿದೆ. ಉಪ್ಪುನೀರಿನ ಮೇಲೆ ಅವು ಬಹುದೂರ ಹೋಗುತ್ತವೆ, ಒಣ ಕಲ್ಲುನೆಲದ ಮೇಲೆ ಬೇಗ ಬಳಲುತ್ತವೆ.

ಆಕಾಶದತ್ತ ಹೋಗುವ ಅಲೆಗಳ ಪಾಡು ಬೇರೆ. ಹಗಲಿನಲ್ಲಿ ಸೂರ್ಯನ ಕಿರಣಗಳಿಂದ ಭೂಮಿಯ ಮೇಲೆ ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಅಯಾನುಗಳ ಒಂದು ಪದರ ಉಂಟಾಗುತ್ತದೆ. 'ಡಿ' ಪದರವೆಂದು ಕರೆಯಲಾಗುವ ಇದು ಮಧ್ಯಮ ತರಂಗಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಬಳಿಕ ಈ ಪದರ ಬೇಗನೆ ಕ್ಷೀಣಿಸುತ್ತದೆ. ಆಗ ಅಲೆಗಳು ಇನ್ನೂ ಮೇಲಿರುವ 'ಇ' ಮತ್ತು 'ಎಫ್' ಪದರಗಳನ್ನು ಮುಟ್ಟಿ ಪ್ರತಿಫಲಿಸಿ ನೂರಾರು, ಕೆಲವೊಮ್ಮೆ ಸಾವಿರಾರು ಕಿಲೋಮೀಟರ್ ಆಚೆ ನೆಲಕ್ಕೆ ಇಳಿಯುತ್ತವೆ. ಮಧ್ಯಾಹ್ನ ಐದಾರು ಕೇಂದ್ರಗಳಷ್ಟೇ ಸಿಗುವ ರೇಡಿಯೊದಲ್ಲಿ ರಾತ್ರಿ ಎಂಟರ ಹೊತ್ತಿಗೆ ಪಟ್ಟಿಯ ತುಂಬ ಭಾಷೆಗಳು ತುಂಬಿಕೊಳ್ಳುವುದು ಹೀಗೆ.

ಇದರ ಒಂದು ಪರಿಣಾಮವು ಹೊಸ ಕೇಳುಗರನ್ನು ತಬ್ಬಿಬ್ಬುಗೊಳಿಸುತ್ತದೆ. ಪ್ರಬಲ ಕೇಂದ್ರವೊಂದರಿಂದ ಸುಮಾರು ನೂರರಿಂದ ಇನ್ನೂರು ಕಿಲೋಮೀಟರ್ ದೂರದಲ್ಲಿ ರಾತ್ರಿಯ ವೇಳೆ ನೆಲದ ಅಲೆಯೂ ಆಕಾಶದಿಂದ ಮರಳಿದ ಅಲೆಯೂ ಒಂದಕ್ಕೊಂದು ಸಮಬಲವಾಗಿ ಸೇರುತ್ತವೆ. ಎರಡೂ ಒಂದೇ ಹದದಲ್ಲಿ ಬಂದರೆ ದನಿ ಉಬ್ಬುತ್ತದೆ, ವಿರುದ್ಧವಾಗಿ ಬಂದರೆ ಕುಗ್ಗಿ, ಒಡೆದು, ಅರ್ಥವಾಗದಂತಾಗುತ್ತದೆ. ಹೀಗಾಗಿ ಮಂಡ್ಯ ಅಥವಾ ಮೈಸೂರಿನ ಬಳಿ ಹಗಲಿನಲ್ಲಿ ಸ್ವಚ್ಛವಾಗಿ ಕೇಳುವ ಬೆಂಗಳೂರು ಕೇಂದ್ರ ರಾತ್ರಿ ತೊದಲಬಹುದು. ಅದೇ ಗಳಿಗೆಯಲ್ಲಿ ಅದಕ್ಕಿಂತ ಅನೇಕ ಪಟ್ಟು ದೂರದ ಹೈದರಾಬಾದು ನಿರಾತಂಕವಾಗಿ ಕೇಳಬಹುದು.

ಕರ್ನಾಟಕದ ಕೇಂದ್ರಗಳು

ಕನ್ನಡ ನಾಡಿನಲ್ಲಿ ಬಾನುಲಿ ಪ್ರಸಾರ ಆರಂಭವಾದದ್ದು 1935ರಲ್ಲಿ ಮೈಸೂರಿನಲ್ಲಿ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಒಂದು ಸಣ್ಣ ಪ್ರೇಷಕದ ಮೂಲಕ ಪ್ರಸಾರ ನಡೆಸಿದರು. 'ಆಕಾಶವಾಣಿ' ಎಂಬ ಹೆಸರು ಮೊದಲು ಸಲ್ಲುತ್ತಿದ್ದುದು ಈ ಮೈಸೂರು ಕೇಂದ್ರಕ್ಕೆ. ಇಡೀ ದೇಶದ ಬಾನುಲಿಗೆ ಅದು ಅನ್ವಯವಾದದ್ದು ಅನಂತರ. ಧಾರವಾಡ ಕೇಂದ್ರವು 1950ರಲ್ಲಿಯೂ, ಬೆಂಗಳೂರು ಕೇಂದ್ರವು 1955ರ ನವೆಂಬರ್ 2ರಂದೂ ಆರಂಭವಾದವು. 1960ರ ದಶಕದಲ್ಲಿ ಭದ್ರಾವತಿ ಮತ್ತು ಕಲಬುರಗಿ, 1976ರಲ್ಲಿ ಮಂಗಳೂರು ಸೇರಿಕೊಂಡವು.

ಪ್ರಯಾಣಿಕ ಕೇಳುಗರಿಗೆ ಬಹುಕಾಲ ಬಾಯಿಪಾಠವಾಗಿದ್ದ ತರಂಗಾಂಕಗಳೆಂದರೆ ಬೆಂಗಳೂರು 612, ಭದ್ರಾವತಿ 675, ಧಾರವಾಡ 765, ಮಂಗಳೂರು 1089 ಮತ್ತು ಕಲಬುರಗಿ 1107. ಇವುಗಳಲ್ಲಿ ಬೆಂಗಳೂರು ಮತ್ತು ಧಾರವಾಡ 200 ಕಿಲೋವಾಟ್ ಶಕ್ತಿಯವು, ಉಳಿದ ಮೂರು 20 ಕಿಲೋವಾಟ್‌ನವು. ಮಂಗಳೂರು ಕೇಂದ್ರದ ಸ್ಟುಡಿಯೊ ಕದ್ರಿಯಲ್ಲಿದ್ದರೂ ಮಧ್ಯಮ ತರಂಗ ಪ್ರೇಷಕವಿದ್ದುದು ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿ, ಕಡಲಿಗೆ ಸಮೀಪವಾಗಿ. ಶಕ್ತಿ ಹತ್ತರಲ್ಲಿ ಒಂದು ಪಾಲೇ ಆದರೂ ಕರಾವಳಿಯಲ್ಲಿ ಅದರ ದನಿ ದೂರ ಹೋಗಲು ಈ ನೆಲೆ ನೆರವಾಯಿತು.

ನಗರದೊಳಗಿನ ಅಡಚಣೆ

ಬಾಪೂಜಿ ನಗರದಲ್ಲಿ ಸಾಧಾರಣ ಟ್ರಾನ್ಸಿಸ್ಟರನ್ನು ಹಚ್ಚಿದರೆ ಎರಡು ಬಗೆಯ ತೊಡಕು ಎದುರಾಗುತ್ತದೆ. ಮೊದಲನೆಯದು ಊರಿನ ಕೇಂದ್ರದ್ದೇ ಪ್ರಾಬಲ್ಯ. 200 ಕಿಲೋವಾಟ್‌ನ ಪ್ರೇಷಕವೊಂದು ಅದೇ ನಗರದಲ್ಲಿದ್ದಾಗ ಅಗ್ಗದ ರೇಡಿಯೊ ಅದರ ಭಾರಕ್ಕೆ ತತ್ತರಿಸುತ್ತದೆ. 612ರ ಅಕ್ಕಪಕ್ಕದ ಸ್ಥಾನಗಳೆಲ್ಲ ಅದರಿಂದಲೇ ತುಂಬಿಹೋಗುತ್ತವೆ. 9 ಕಿಲೋಹರ್ಟ್ಸ್ ಆಚೆ 621ರಲ್ಲಿರುವ ಪಟ್ನಾವನ್ನು ಬೇರ್ಪಡಿಸುವುದು ಒಳ್ಳೆಯ ರೇಡಿಯೊಗಳಿಗೂ ಪ್ರಯಾಸದ ಕೆಲಸ. ಕೆಲವು ರೇಡಿಯೊಗಳಲ್ಲಿ 612ರ ಎರಡು ಪಟ್ಟಾದ 1224 ಕಿಲೋಹರ್ಟ್ಸ್‌ನಲ್ಲಿಯೂ ಬೆಂಗಳೂರೇ ಕೇಳುತ್ತದೆ. ಇದು ರೇಡಿಯೊದ ಒಳಗೇ ಹುಟ್ಟುವ ಭ್ರಮೆ. ಹೊಸದೊಂದು ಕನ್ನಡ ಕೇಂದ್ರ ಸಿಕ್ಕಿತೆಂದು ಬರೆದಿಟ್ಟುಕೊಳ್ಳುವ ಮೊದಲು 612ಕ್ಕೆ ತಿರುಗಿಸಿ ಹೋಲಿಸಿ ನೋಡಬೇಕಾಗುತ್ತದೆ.

ಎರಡನೆಯದು ವಿದ್ಯುತ್ ಗದ್ದಲ. ಎಲ್‌ಇಡಿ ದೀಪಗಳು, ಮೊಬೈಲ್ ಚಾರ್ಜರ್‌ಗಳು, ಯುಪಿಎಸ್‌ಗಳು, ಸೌರಫಲಕದ ಇನ್ವರ್ಟರ್‌ಗಳು ಒಳಗೆ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸುತ್ತವೆ. ಆ ಕಡಿತದ ಪ್ರತಿಧ್ವನಿಗಳು ಮಧ್ಯಮ ತರಂಗದ ಪಟ್ಟಿಯ ಮೇಲೆಯೇ ಬೀಳುತ್ತವೆ. ಗೋಡೆಗೆ ಗೋಡೆ ತಾಗಿದ ಮನೆಗಳಿರುವ ಬಡಾವಣೆಯಲ್ಲಿ ಸ್ವಂತ ಮನೆಯ ದೀಪಗಳನ್ನು ಆರಿಸಿದರೂ ನೆರೆಮನೆಯ ಗದ್ದಲ ಉಳಿಯುತ್ತದೆ. ಮೈಸೂರು ರಸ್ತೆಯ ವಾಹನಗಳ ಸಾಲು, ಸಮೀಪದಲ್ಲಿಯೇ ಹಾದುಹೋಗುವ ನಮ್ಮ ಮೆಟ್ರೊ ನೇರಳೆ ಮಾರ್ಗದ 750 ವೋಲ್ಟ್ ವಿದ್ಯುತ್ ಹಳಿ ಇವೂ ಗದ್ದಲದ ಮೂಲಗಳಾಗಬಲ್ಲವು. ವಿದ್ಯುತ್ ಕಡಿತವಾದ ರಾತ್ರಿಗಳಲ್ಲಿ, ಬ್ಯಾಟರಿಯ ರೇಡಿಯೊ ಇದ್ದವರಿಗೆ ನಗರದೊಳಗೂ ಅರ್ಧ ಗಂಟೆ ದೂರದ ಕೇಂದ್ರಗಳು ತೆರೆದುಕೊಳ್ಳುವುದುಂಟು.

ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣವು ಬಾಪೂಜಿ ನಗರದ ಮಗ್ಗುಲಲ್ಲಿಯೇ ಇದೆ. ಮೈಸೂರು, ಮಡಿಕೇರಿ ಮತ್ತು ಕೇರಳದ ಕಡೆಯ ಬಸ್ಸುಗಳು ಇಲ್ಲಿಂದ ಹೊರಡುತ್ತವೆ. ಕೆಂಗೇರಿ ದಾಟಿ, ಬಿಡದಿ ಹಿಂದೆ ಬಿದ್ದಂತೆ ಕಟ್ಟಡಗಳು ವಿರಳವಾಗುತ್ತವೆ, ರೇಡಿಯೊದ ಗುಂಯ್‌ಗುಡುವಿಕೆ ತಗ್ಗುತ್ತದೆ. ದೂರದ ಆಲಿಕೆಗೆ ಬೇಕಾದ ಮೌನ ಮೊದಲು ಸಿಗುವುದು ಈ ಭಾಗದಲ್ಲಿ.

ಹಗಲಿನ ದಾರಿ

ಹಗಲಿನ ಪ್ರಯಾಣದಲ್ಲಿ ನೆಲದ ಅಲೆಗಳದೇ ಆಳ್ವಿಕೆ. ಒಂದು ಕೇಂದ್ರ ಹಿಂದೆ ಸರಿಯುತ್ತ ಇನ್ನೊಂದು ಮುಂದಿನಿಂದ ಬರುತ್ತದೆ. ಇದನ್ನು ಅರಿಯಲು ಬೆಂಗಳೂರು–ಧಾರವಾಡ ಹೆದ್ದಾರಿಗಿಂತ ಉತ್ತಮವಾದ ದಾರಿ ರಾಜ್ಯದಲ್ಲಿ ಇಲ್ಲವೆನ್ನಬಹುದು. ಸುಮಾರು 430 ಕಿಲೋಮೀಟರ್‌ನ ಆ ಹಾದಿಯ ಎರಡು ತುದಿಗಳಲ್ಲಿ 200 ಕಿಲೋವಾಟ್‌ನ ಎರಡು ಕೇಂದ್ರಗಳಿದ್ದರೆ, ನಡುದಾರಿಯ ಎಡಭಾಗದಲ್ಲಿ ಭದ್ರಾವತಿಯಿತ್ತು. ತುಮಕೂರು, ಶಿರಾ ದಾಟುವವರೆಗೆ 612 ಸ್ಥಿರವಾಗಿದ್ದು, ಚಿತ್ರದುರ್ಗದ ಆಸುಪಾಸಿನಲ್ಲಿ ಸೊರಗುತ್ತದೆ. ದಾವಣಗೆರೆಯ ಕಡೆ 675 ಗಟ್ಟಿಯಾಗುತ್ತದೆ. ಹಾವೇರಿಗೆ ಬರುವಾಗ 765 ಮೇಲುಗೈ ಪಡೆಯುತ್ತದೆ. ಎಫ್‌ಎಂ ಕೇಂದ್ರಗಳಾದರೆ ಕೆಲವು ಹತ್ತು ಕಿಲೋಮೀಟರ್‌ಗಳಲ್ಲಿ ಥಟ್ಟನೆ ಕೈಬಿಡುತ್ತವೆ. ಮಧ್ಯಮ ತರಂಗ ಹಾಗಲ್ಲ. ಒಂದು ಕೇಂದ್ರದ ಸೀಮೆ ಮುಗಿಯಿತೆಂದು ಹೇಳಲು ಒಂದು ಮೈಲಿಗಲ್ಲನ್ನು ತೋರಿಸುವುದು ಕಷ್ಟ.

ಈ ದಾರಿಯಲ್ಲಿ ಒಂದು ಸೊಗಸೂ ಇತ್ತು. ದೆಹಲಿಯಿಂದ ಬಹುಕಾಲ ಬರುತ್ತಿದ್ದ ಬೆಳಗಿನ 7:35ರ ಕನ್ನಡ ವಾರ್ತೆಯನ್ನು ರಾಜ್ಯದ ಕೇಂದ್ರಗಳು ಒಟ್ಟಿಗೆ ಮರುಪ್ರಸಾರ ಮಾಡುತ್ತಿದ್ದವು. 612ರಲ್ಲಿ ಕ್ಷೀಣಿಸಿದ ವಾಕ್ಯವನ್ನು 765ಕ್ಕೆ ತಿರುಗಿಸಿ ಅಲ್ಲಿಂದಲೇ ಮುಂದುವರಿಸಿ ಕೇಳಬಹುದಾಗಿತ್ತು. ಆದರೆ ಕೇಂದ್ರವನ್ನು ಗುರುತಿಸಬೇಕೆಂದು ಕಾಯುವವನಿಗೆ ವಾರ್ತೆಯ ಹತ್ತು ನಿಮಿಷ ನಿರುಪಯುಕ್ತ, ಏಕೆಂದರೆ ಎಲ್ಲೆಡೆಯೂ ಒಂದೇ ಕಂಠ.

ಪಶ್ಚಿಮದ ದಾರಿಗಳಲ್ಲಿ ಲೆಕ್ಕ ಬದಲಾಗುತ್ತದೆ. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿಯುವಾಗ ಹಾಸನದ ಎಫ್‌ಎಂ ಬೆಟ್ಟಗಳ ಹಿಂದೆ ಮರೆಯಾದ ಮೇಲೂ ಮಧ್ಯಮ ತರಂಗ ಕುಂಟುತ್ತಲಾದರೂ ಉಳಿಯುತ್ತದೆ. ಮಡಿಕೇರಿಯ ಕಡೆ ಕೋಳಿಕ್ಕೋಡಿನ 684 ಕಿಲೋಹರ್ಟ್ಸ್ ಬಲವಾಗಿ ಬರುತ್ತಿತ್ತು. 100 ಕಿಲೋವಾಟ್‌ನ ಅದು 675ರ ಭದ್ರಾವತಿಗೆ ಒತ್ತಿಕೊಂಡ ನೆರೆಹೊರೆ. ಎರಡನ್ನೂ ಬಿಡಿಸಿ ಕೇಳುವುದು ರೇಡಿಯೊದ ಗುಣಮಟ್ಟದ ಪರೀಕ್ಷೆಯೆಂದೇ ಹೇಳಬಹುದು. ಕಾಸರಗೋಡಿನ ಕನ್ನಡಿಗರ ಸ್ಥಿತಿಯೂ ಇಂಥದೇ. ತೆಂಕಣ ದಿಕ್ಕಿನಿಂದ ಮಲಯಾಳಂ ಕೇಂದ್ರಗಳು, ಬಡಗಣ ದಿಕ್ಕಿನಿಂದ ಕರಾವಳಿಯ ಅಂಚನ್ನು ಹಿಡಿದು ಬರುವ ಮಂಗಳೂರಿನ 1089, ಈ ಎರಡರ ನಡುವೆ ಅವರ ರೇಡಿಯೊದ ಮುಳ್ಳು ಓಡಾಡುತ್ತಿತ್ತು.

ರಾತ್ರಿಯ ದಾರಿ

ಸೂರ್ಯಾಸ್ತದ ಆಸುಪಾಸಿನ ಒಂದು ಗಂಟೆಯನ್ನು ಅನುಭವಿಗಳು ವ್ಯರ್ಥ ಮಾಡುವುದಿಲ್ಲ. ಕತ್ತಲು ಪೂರ್ವದಿಂದ ಬರುವುದರಿಂದ ಮೊದಲು ತೆರೆಯುವುದು ಪೂರ್ವದ ಕೇಂದ್ರಗಳು. ಚೆನ್ನೈ (720), ಕಡಪ (900), ವಿಜಯವಾಡ (837) ಏರಿದ ಬಳಿಕವೇ ಮುಂಬಯಿಯ 558 ಮತ್ತು 1044, ಅನಂತರ ಅರಬ್ಬೀ ಸಮುದ್ರದಾಚೆಯ ಕೇಂದ್ರಗಳು. ಮುಂಜಾನೆ ಇದೇ ಕ್ರಮದಲ್ಲಿ ಪೂರ್ವದವು ಮೊದಲು ಆರುತ್ತವೆ, ಪಶ್ಚಿಮದವು ಕೊನೆಯವರೆಗೆ ಉಳಿಯುತ್ತವೆ.

ನಡುರಾತ್ರಿಯ ಪಟ್ಟಿಯಲ್ಲಿ ಎದ್ದು ಕಾಣುವುದು ದೈತ್ಯ ಪ್ರೇಷಕಗಳು. ನೆರೆದೇಶಗಳ ಕೇಳುಗರಿಗಾಗಿ ಸ್ಥಾಪಿತವಾದ ರಾಜಕೋಟೆಯ 1071 ಮತ್ತು ಕೋಲ್ಕತ್ತ ಸಮೀಪದ ಚಿನ್ಸುರಾದ 594 ಕಿಲೋಹರ್ಟ್ಸ್ ಪ್ರೇಷಕಗಳು 1000 ಕಿಲೋವಾಟ್ ಶಕ್ತಿಯವು. ಬಾಂಗ್ಲಾದೇಶಕ್ಕೆ ಮೀಸಲಾದ 'ಆಕಾಶವಾಣಿ ಮೈತ್ರಿ' 2016ರಲ್ಲಿ ಆರಂಭವಾದದ್ದು ಈ 594ರಲ್ಲಿ. ತೂತ್ತುಕುಡಿಯ 1053, ಶ್ರೀಲಂಕಾದ ಪುತ್ತಳಂನ 882 ದಕ್ಷಿಣದಿಂದ ಕೇಳುವ ಇನ್ನೆರಡು ಪ್ರಬಲ ದನಿಗಳು. ನಾಗಪುರದ 1000 ಕಿಲೋವಾಟ್ ಪ್ರೇಷಕದಿಂದ 1566 ಕಿಲೋಹರ್ಟ್ಸ್‌ನಲ್ಲಿ ಬರುತ್ತಿದ್ದ ಆಕಾಶವಾಣಿಯ ರಾಷ್ಟ್ರೀಯ ವಾಹಿನಿ ರಾತ್ರಿ ಪ್ರಯಾಣಿಕರ ಸಂಗಾತಿಯಾಗಿತ್ತು. 1988ರಲ್ಲಿ ಆರಂಭವಾದ ಅದು ಪ್ರಾದೇಶಿಕ ಕೇಂದ್ರಗಳು ರಾತ್ರಿ ಹನ್ನೊಂದರ ಸುಮಾರಿಗೆ ಮುಗಿದ ಮೇಲೂ ಬೆಳಗಿನವರೆಗೆ ನಡೆಯುತ್ತಿತ್ತು. 2019ರ ಜನವರಿಯಲ್ಲಿ ಅದನ್ನು ನಿಲ್ಲಿಸಲಾಯಿತು.

ಋತುವೂ ಮುಖ್ಯ. ಏಪ್ರಿಲ್–ಮೇ ತಿಂಗಳ ಗುಡುಗುಮಳೆಯ ಕಾಲದಲ್ಲಿ ನೂರಾರು ಕಿಲೋಮೀಟರ್ ಆಚೆಯ ಮಿಂಚೂ ರೇಡಿಯೊದಲ್ಲಿ ಚಟಪಟಗುಟ್ಟುತ್ತದೆ. ನವೆಂಬರ್‌ನಿಂದ ಫೆಬ್ರುವರಿಯವರೆಗಿನ ತಿಂಗಳುಗಳೇ ಪ್ರಶಸ್ತ.

ರೇಡಿಯೊ ಮತ್ತು ಕೂರುವ ಜಾಗ

ಸಣ್ಣ ರೇಡಿಯೊಗಳ ಒಳಗೆ ಮಧ್ಯಮ ತರಂಗಕ್ಕಾಗಿ ತಂತಿ ಸುತ್ತಿದ ಫೆರೈಟ್ ಸರಳೊಂದಿರುತ್ತದೆ. ಹೊರಕ್ಕೆ ಎಳೆಯುವ ಕಡ್ಡಿಗೂ ಈ ಪಟ್ಟಿಗೂ ಸಾಮಾನ್ಯವಾಗಿ ಸಂಬಂಧವಿಲ್ಲ. ಸರಳಿನ ತುದಿ ಕೇಂದ್ರದತ್ತ ಮುಖ ಮಾಡಿದಾಗ ದನಿ ಅತ್ಯಂತ ಕ್ಷೀಣ, ಅಡ್ಡವಾಗಿದ್ದಾಗ ಅತ್ಯಂತ ಬಲ. ಒಂದೇ ತರಂಗಾಂಕದ ಎರಡು ಕೇಂದ್ರಗಳು ಬೆರೆತಾಗ ರೇಡಿಯೊವನ್ನು ನಿಧಾನವಾಗಿ ತಿರುಗಿಸಿ ಒಂದನ್ನು ಅಡಗಿಸುವುದು ಈ ಹವ್ಯಾಸದ ಮೊದಲ ಪಾಠ. ಬಸ್ಸಿನಲ್ಲಿ ಮಾತ್ರ ದಾರಿಯ ಪ್ರತಿ ತಿರುವಿಗೂ ಈ ಹೊಂದಿಕೆ ತಪ್ಪುತ್ತದೆ, ಮತ್ತೆ ತಿರುಗಿಸಬೇಕು.

ಲೋಹದ ಒಡಲು ಅಲೆಗಳನ್ನು ತಡೆಯುವುದರಿಂದ ಕಿಟಕಿಯ ಪಕ್ಕದ ಆಸನವೇ ಲೇಸು. ರೈಲಿನಲ್ಲಿ ಮೇಲ್ಗಡೆಯ 25,000 ವೋಲ್ಟ್ ತಂತಿಯ ಸದ್ದು ಸೇರಿಕೊಳ್ಳುತ್ತದೆ. ಬೆಂಗಳೂರು–ಮೈಸೂರು ಮಾರ್ಗ ವಿದ್ಯುದೀಕರಣಗೊಂಡ ಮೇಲೆ ಆ ರೈಲಿನಲ್ಲಿನ ಆಲಿಕೆ ಡೀಸೆಲ್ ಎಂಜಿನ್ನುಗಳ ಕಾಲದಷ್ಟು ಸಲೀಸಾಗಿಲ್ಲ. ಹೊರಗೆ ಕಡ್ಡಿ ಆಂಟೆನಾ ಇರುವ ಕಾರು ಎಲ್ಲಕ್ಕಿಂತ ಅನುಕೂಲ; ಆದರೆ ಹುಡುಕುವ ಕೆಲಸ ಪಕ್ಕದಲ್ಲಿ ಕುಳಿತವರದಾಗಬೇಕು, ಚಾಲಕರದಲ್ಲ.

ಅಮೆರಿಕದಿಂದ ಬರುವ ಬಂಧುಗಳು ತಂದುಕೊಡುವ ರೇಡಿಯೊಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಅಲ್ಲಿ ಕೇಂದ್ರಗಳ ಅಂತರ 10 ಕಿಲೋಹರ್ಟ್ಸ್. ಆ ಹೆಜ್ಜೆಯಲ್ಲಿ ಏರುವ ಅಂಕಿ ರೇಡಿಯೊ 760ರಿಂದ 770ಕ್ಕೆ ಜಿಗಿಯುತ್ತದೆ, ಧಾರವಾಡ ನಡುವೆ ಸಿಕ್ಕಿಬೀಳುತ್ತದೆ. ಅನೇಕ ರೇಡಿಯೊಗಳಲ್ಲಿ 9 ಕಿಲೋಹರ್ಟ್ಸ್‌ಗೆ ಬದಲಿಸುವ ಸೌಲಭ್ಯವಿರುತ್ತದೆ.

ಗುರುತಿಸುವುದು ಮತ್ತು ದಾಖಲಿಸುವುದು

ಕೇಳಿದ ಕೇಂದ್ರ ಯಾವುದೆಂದು ಖಚಿತವಾಗದೆ ಆಲಿಕೆ ಪೂರ್ಣವಾಗುವುದಿಲ್ಲ. ಭಾಷೆ ಮೊದಲ ಸುಳಿವು. ಆದರೆ ಹಿಂದಿ, ಉರ್ದು ಮತ್ತು ಶಾಸ್ತ್ರೀಯ ಸಂಗೀತ ಎಲ್ಲಿಂದಲೂ ಬರಬಹುದು. ರಾತ್ರಿ ಬಸ್ಸಿನ ಪ್ರಯಾಣಿಕರಿಗೆ ಒದಗುವ ಅತ್ಯುತ್ತಮ ಅವಕಾಶ ಬೆಳಗಿನ ಪ್ರಸಾರದ ಆರಂಭ. ಮೊದಲು ಪ್ರೇಷಕವಷ್ಟೇ ಚಾಲೂ ಆಗಿ ಸದ್ದಿಲ್ಲದ ಒಂದು ಗಾಢತೆ ರೇಡಿಯೊದಲ್ಲಿ ತುಂಬುತ್ತದೆ. ಬಳಿಕ ವಾಲ್ಟರ್ ಕೌಫ್‌ಮನ್ 1936ರಲ್ಲಿ ಸಂಯೋಜಿಸಿದ ಆಕಾಶವಾಣಿಯ ಸಂಕೇತಧ್ವನಿ, ವಂದೇ ಮಾತರಂ, ಅನಂತರ ಕೇಂದ್ರದ ಹೆಸರು. ಉದ್ಘೋಷಕರು ತರಂಗಾಂಕವನ್ನು ಮೀಟರ್ ಮತ್ತು ಕಿಲೋಹರ್ಟ್ಸ್ ಎರಡರಲ್ಲಿಯೂ ಹೇಳುವ ವಾಡಿಕೆಯಿಂದ ಸಂಶಯಕ್ಕೆ ಎಡೆಯಿರುತ್ತಿರಲಿಲ್ಲ.

ಕೇಳುಗರು ದಿನಾಂಕ, ಸಮಯ, ತರಂಗಾಂಕ, ಕೇಳಿದ ಕಾರ್ಯಕ್ರಮದ ವಿವರಗಳನ್ನು ಬರೆದು ಕೇಂದ್ರಕ್ಕೆ ವರದಿ ಕಳುಹಿಸುತ್ತಾರೆ. ಸ್ವಾಗತದ ಗುಣವನ್ನು ಸಿನ್‌ಪೊ ಎಂಬ ಐದು ಅಂಕಿಗಳ ಸಂಕೇತದಿಂದ ಸೂಚಿಸುವುದು ರೂಢಿ: ದನಿಯ ಬಲ, ಬೇರೆ ಕೇಂದ್ರದ ಅಡ್ಡಿ, ಗದ್ದಲ, ಏರಿಳಿತ, ಒಟ್ಟು ಗುಣ, ಪ್ರತಿಯೊಂದಕ್ಕೂ 1ರಿಂದ 5. ವರದಿ ಸರಿಯಾಗಿದ್ದರೆ ಕೇಂದ್ರವು ಕ್ಯೂಎಸ್‌ಎಲ್ ಎಂಬ ದೃಢೀಕರಣ ಪತ್ರವನ್ನು ಕಳುಹಿಸುತ್ತದೆ. ಪ್ರಯಾಣದ ವರದಿಯಲ್ಲಿ ಸ್ಥಳ ನಿಮಿಷ ನಿಮಿಷಕ್ಕೂ ಬದಲಾಗುವುದರಿಂದ 'ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ' ಎಂದರೆ ಸಾಲದು. ಊರು ಅಥವಾ ಮೈಲಿಗಲ್ಲಿನ ಉಲ್ಲೇಖ ಬೇಕು. ವಿದೇಶದ ಕೇಂದ್ರಗಳಿಗೆ ಬರೆಯುವಾಗ ಭಾರತೀಯ ಸಮಯದಿಂದ ಐದೂವರೆ ಗಂಟೆ ಕಳೆದು ಅಂತಾರಾಷ್ಟ್ರೀಯ ಸಮಯವನ್ನು ನಮೂದಿಸಬೇಕು. ರಾತ್ರಿಯ ಆಲಿಕೆಯಲ್ಲಿ ದಿನಾಂಕವೂ ಬದಲಾಗುವುದನ್ನು ಮರೆಯುವವರೇ ಹೆಚ್ಚು.

ಇತ್ತೀಚಿನ ಸ್ಥಿತಿ

ಪ್ರಸಾರ ಭಾರತಿಯು ಎಫ್‌ಎಂ ಜಾಲವನ್ನು ವಿಸ್ತರಿಸುತ್ತ, ಹಳೆಯ ಮಧ್ಯಮ ತರಂಗ ಪ್ರೇಷಕಗಳಲ್ಲಿ ಅನೇಕವನ್ನು ನಿಲ್ಲಿಸುತ್ತ ಬಂದಿದೆ. ಪ್ರಯಾಣಿಕನ ದೃಷ್ಟಿಯಿಂದ ಇದರ ಫಲ ಮಿಶ್ರ. ಮೈಸೂರಿನ 100.6, ಹಾಸನದ 102.2, ಮಡಿಕೇರಿಯ 103.1 ಮೆಗಾಹರ್ಟ್ಸ್ ಎಫ್‌ಎಂ ಪ್ರಸಾರಗಳು ತಮ್ಮ ಊರಿನ ಸುತ್ತ ಸ್ಪಷ್ಟವಾಗಿದ್ದರೂ ನಡುವಿನ ಹಾದಿಯಲ್ಲಿ ಬರಿಯ ಗದ್ದಲ ಉಳಿಯುತ್ತದೆ. ಇನ್ನೊಂದೆಡೆ, ಪ್ರೇಷಕಗಳು ಕಡಿಮೆಯಾದಷ್ಟೂ ಪಟ್ಟಿಯಲ್ಲಿ ತೆರವಾದ ಸ್ಥಾನಗಳಲ್ಲಿ, ಹಿಂದೆ ಅಡಗಿಹೋಗಿದ್ದ ದೂರದ ಕೇಂದ್ರಗಳು ರಾತ್ರಿ ಕೇಳಿಬರುತ್ತವೆ. ಮಧ್ಯಮ ತರಂಗವನ್ನು ಪ್ರೀತಿಸುವವರಿಗೆ ಇದು ಸಮಾಧಾನದ ಸಂಗತಿಯೇನೂ ಅಲ್ಲ.

ವಿದ್ಯುತ್ ಕಾರುಗಳ ಮೋಟಾರು ಮತ್ತು ನಿಯಂತ್ರಕಗಳು ಮಧ್ಯಮ ತರಂಗದಲ್ಲಿ ತೀವ್ರ ಗದ್ದಲ ಉಂಟುಮಾಡುವುದರಿಂದ ಅಮೆರಿಕದಲ್ಲಿ ಕೆಲವು ತಯಾರಕರು ಕಾರಿನ ರೇಡಿಯೊದಿಂದ ಎಎಂ ಪಟ್ಟಿಯನ್ನೇ ತೆಗೆದರು. ರಾತ್ರಿ ಹೆದ್ದಾರಿಯಲ್ಲಿ 50 ಕಿಲೋವಾಟ್‌ನ ಕೇಂದ್ರಗಳನ್ನು ಕೇಳುತ್ತ ಸಾಗುವ ರೂಢಿ ಅಲ್ಲಿ ಗಟ್ಟಿಯಾಗಿರುವುದರಿಂದ, ಪ್ರತಿ ವಾಹನದಲ್ಲಿಯೂ ಎಎಂ ಇರಲೇಬೇಕೆಂಬ ಮಸೂದೆ 2023ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಬಂದಿತು.

ಭಾರತದಲ್ಲಿ ಬೆಂಗಳೂರೂ ಸೇರಿದಂತೆ ಮೂವತ್ತಕ್ಕೂ ಹೆಚ್ಚು ಮಧ್ಯಮ ತರಂಗ ಪ್ರೇಷಕಗಳನ್ನು ಡಿಆರ್‌ಎಂ ಎಂಬ ಅಂಕೀಯ ಪ್ರಸಾರ ಪದ್ಧತಿಗೆ ಸಿದ್ಧಗೊಳಿಸಲಾಗಿದ್ದು, ಈ ಪ್ರಸಾರವನ್ನು ಹಿಡಿಯಬಲ್ಲ ರೇಡಿಯೊಗಳು ಕೆಲವು ಹೊಸ ಕಾರುಗಳಲ್ಲಿ ಬಂದಿವೆ. ಇಂಥ ರೇಡಿಯೊದಲ್ಲಿ ಅಲೆ ಸಾಕಷ್ಟು ಬಲವಾಗಿರುವಷ್ಟು ದೂರ ದನಿ ಎಫ್‌ಎಂನಷ್ಟು ಶುದ್ಧವಾಗಿರುತ್ತದೆ, ಮಿತಿ ದಾಟಿದೊಡನೆ ಪೂರ್ತಿ ನಿಲ್ಲುತ್ತದೆ. ಸಾಧಾರಣ ಟ್ರಾನ್ಸಿಸ್ಟರಿನಲ್ಲಿ ಅದೇ ಅಂಕೀಯ ಸಂಕೇತವು ಜಲಪಾತದಂತಹ ಏಕನಾದದ ಭೋರ್ಗರೆತವಾಗಿ ಕೇಳುತ್ತದೆ. ಅದರಲ್ಲಿ ಭಾಷೆಯಿಲ್ಲ, ಊರಿನ ಹೆಸರಿಲ್ಲ. ಯಾವ ಕೇಂದ್ರವೆಂದು ಊಹಿಸಲು ತರಂಗಾಂಕವನ್ನೂ ರೇಡಿಯೊ ತಿರುಗಿಸಿ ಕಂಡುಕೊಂಡ ದಿಕ್ಕನ್ನೂ ನೆಚ್ಚಬೇಕು.